ಮಡಿವಾಳ ಹಕ್ಕಿಯ ಹಾಡನ್ನು ಎಣಿಸುವುದು ಹೇಗೆ?

ಮಾರ್ಚಿನಿಂದ ಜೂನ್‌ವರೆಗೆ, ಬೆಳಕು ಹರಿಯುವ ಮುಂಚೆಯೇ ಅಂಗಳಕ್ಕೆ ಬನ್ನಿ. ನಮ್ಮನೆ ತೆಂಗಿನ ತುದಿಯಲ್ಲಿ ಕೂರುವ ಕಪ್ಪು-ಬಿಳಿ ಗಂಡು ಮಡಿವಾಳನಿಂದಲೇ ನಾನು ಇದನ್ನು ಕಲಿತದ್ದು. ಪ್ರತಿ ಪಲುಕಿಗೂ, ಅಂದರೆ ಹಾಡಿನ ಒಂದೊಂದು ತುಣುಕಿಗೂ, ನೋಟ್‌ಬುಕ್ಕಿನಲ್ಲಿ ಒಂದು ಗುರುತು ಹಾಕಿ. ಹೊಸ ಬಗೆಯ ಪಲುಕು ಬಂದರೆ ಬೇರೆ ಗುರುತು. ಹತ್ತು ನಿಮಿಷ ಸಾಕು.

ಆಚೆ ತೋಟದಿಂದ ಇನ್ನೊಂದು ಗಂಡು ಹಾಡಿದಾಗ ಕಿವಿಗೊಡಿ. ನಮ್ಮವನು ಬಾಲ ನಿಮಿರಿಸಿ, ಎದೆಯುಬ್ಬಿಸಿ ಪಲುಕು ಬದಲಿಸುತ್ತಾನೆ. ಹಾಡೇ ಅವನ ಬೇಲಿ, ಹೆಣ್ಣಿಗೆ ಕರೆಯೂ ಹೌದು. ದಾಸವಾಳದ ಗಿಡದಲ್ಲಿ ಟುವ್ವಿ ಹಕ್ಕಿ ಎಷ್ಟು ಅರಚಿದರೂ ಅವನಿಗೆ ಅಷ್ಟು ಸಿಟ್ಟಿಲ್ಲ. ಆದರೆ ಬೇರೆ ಹಕ್ಕಿಗಳ ದನಿಯನ್ನು ಅವನೇ ತನ್ನ ಹಾಡಿಗೆ ಸೇರಿಸಿಕೊಳ್ಳುವುದುಂಟು. ಅಂಥ ಪಲುಕಿನ ಪಕ್ಕ ಚುಕ್ಕೆ ಇಡಿ.

ಮೊಬೈಲಿನಲ್ಲಿ ಹಾಡು ಹಾಕಿ ಮಾತ್ರ ಕೆಣಕಬೇಡಿ. ಮರಿ ಸಾಕುವ ಹೊತ್ತಿನಲ್ಲಿ ಇಲ್ಲದ ಶತ್ರುವನ್ನು ಹುಡುಕಿ ದಣಿಯುತ್ತಾನೆ, ಪಾಪ.