ನಮ್ಮ ವಾರ್ಡಿನ ಮನೆಮನೆ ತೇರ್ಸ್: ಮೂರು ಅಕ್ಟೋಬರುಗಳ ಅನುಭವ

"ಪುತಾ, ನೀನು ಓಡಿದೆ. ನಾವೆಲ್ಲ ಹಿಂದೆ ಉಳಿದೆವು."

ಇಗರ್ಜಿಯ (ಚರ್ಚಿನ) ನಮ್ಮ ವಾರ್ಡಿಗೆ ಗುರಿಕಾರ, ಅಂದರೆ ಮುಂದಾಳು, ಆದ ಮೊದಲ ವರ್ಷ, ಅಕ್ಟೋಬರ್ 1ರ ರಾತ್ರಿ ತೇರ್ಸ್ ಮುಗಿದ ಮೇಲೆ ಕೇಳಿದ ಮಾತು ಇದು. ತೇರ್ಸ್ ಅಂದರೆ ಜಪಸರದ ಮಣಿ ಎಣಿಸುತ್ತಾ ಮರಿಯಾ ಮಾತೆಗೆ ಹೇಳುವ ಪ್ರಾರ್ಥನೆ. ಹೇಳಿದವರು ನಮ್ಮ ವಾರ್ಡಿನ ಹಿರಿಯ ಹೆಂಗಸು. ವಯಸ್ಸು 80 ದಾಟಿದೆ. ಎಲ್ಲರಿಗೂ ಅವರು ಮಾಂಯ್. ಆ ದಿನ ನಾನು ಜಪಸರ ಹಿಡಿದು ಹತ್ತು ಹತ್ತು ನಮೋ ಮರಿಯಾಗಳ ಐದೂ ಸುತ್ತು, ಕೊನೆಯ ಲಿತನಿ ಪ್ರಾರ್ಥನೆ ಎಲ್ಲ ಸೇರಿ 14 ನಿಮಿಷದಲ್ಲಿ ಮುಗಿಸಿದ್ದೆ. ಮಳೆ ಬರುವ ಮೊದಲು ಎಲ್ಲರೂ ಮನೆ ಸೇರಲಿ ಅನ್ನುವುದು ನನ್ನ ಲೆಕ್ಕ. ಮಾಂಯ್ ಬಯ್ಯಲಿಲ್ಲ. ಜಪಸರವನ್ನು ಸಣ್ಣ ಡಬ್ಬಿಗೆ ಹಾಕಿ ಮುಚ್ಚುತ್ತಾ ಅಷ್ಟು ಹೇಳಿದರು. ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ನಮ್ಮದು ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಒಳಗಿನ ಊರು. ವಾರ್ಡಿನಲ್ಲಿ 27 ಮನೆಗಳು. ಅಡಿಕೆ ತೋಟ, ಗೇರುಗುಡ್ಡೆ, ನಡುವೆ ತೋಡು. ಕೆಲವು ಮನೆಗಳ ನಡುವೆ ಹತ್ತು ನಿಮಿಷದ ಕಾಲುದಾರಿ. ಮನೆಯೊಳಗೆ ಕೊಂಕಣಿ, ಅಂಗಳ ದಾಟಿದರೆ ತುಳು, ಶಾಲೆ ಕಲಿತದ್ದು ಕನ್ನಡದಲ್ಲಿ, ವಿಲ್ಲೇಜ್ ಆಫೀಸಿಗೆ ಹೋದರೆ ಮಲಯಾಳ. ಅಜ್ಜನ ಕಾಲದಲ್ಲಿ ಆದಿತ್ಯವಾರದ ಪೂಜೆಗೆ ಬೇಳದ ಇಗರ್ಜಿಗೆ ನಡೆದೇ ಹೋಗುತ್ತಿದ್ದರಂತೆ. 1890ರಲ್ಲಿ ಕಟ್ಟಿದ ಇಗರ್ಜಿ ಅದು, ನಮ್ಮ ಜಿಲ್ಲೆಯಲ್ಲಿ ಎಲ್ಲಕ್ಕಿಂತ ಹಳೆಯದು. ಮಳೆಗಾಲದಲ್ಲಿ ತೋಡು ತುಂಬಿದರೆ ಅಲ್ಲಿಗೆ ಹೋಗುವ ಮಾತೇ ಇಲ್ಲ. ಆಗ ಸಂಜೆ ಮನೆಯ ಅಲ್ತಾರಿನ (ದೇವರ ಪೀಠದ) ಎದುರು ಹೇಳುವ ತೇರ್ಸೇ ಆಸರೆ. ನಮ್ಮ ಭಕ್ತಿ ಬೆಳೆದದ್ದು ಹಾಗೆ, ಹೆಚ್ಚಾಗಿ ಮನೆಯೊಳಗೆ, ನೆಲದ ಮೇಲೆ ಚಾಪೆ ಹಾಕಿಕೊಂಡು.

ಅಕ್ಟೋಬರ್ ಜಪಸರದ ತಿಂಗಳು. ಆ ತಿಂಗಳು ಮಾತೆಯ ಪ್ರತಿಮೆ ದಿನಕ್ಕೊಂದು ಮನೆಗೆ ಹೋಗುತ್ತದೆ. ವಾರ್ಡಿನವರೆಲ್ಲ ಅಲ್ಲಿ ಸೇರಿ ತೇರ್ಸ್ ಹೇಳುತ್ತೇವೆ. ಮರುದಿನ ಆ ಮನೆಯವರೇ ಪ್ರತಿಮೆಯನ್ನು ಮುಂದಿನ ಮನೆಗೆ ಮುಟ್ಟಿಸಬೇಕು. 27 ಮನೆ, 31 ದಿನ. ಉಳಿದ ನಾಲ್ಕು ದಿನದಲ್ಲಿ ಒಂದನ್ನು 7ನೇ ತಾರೀಕಿನ ಜಪಮಾಲೆ ಮಾತೆಯ ಹಬ್ಬಕ್ಕೆ ಇಡುತ್ತೇನೆ, ಒಂದನ್ನು ಕೊನೆಯ ದಿನ ಇಗರ್ಜಿಯ ಗ್ರೊಟ್ಟೊ (ಮಾತೆಯ ಗುಹೆ) ಎದುರಿನ ಪ್ರಾರ್ಥನೆಗೆ. ಇನ್ನೆರಡು ಖಾಲಿ ಬಿಡುತ್ತೇನೆ. ಯಾರದಾದರೂ ಮನೆಯಲ್ಲಿ ಸಾವು, ಆಸ್ಪತ್ರೆ ಅಂತ ಬಂದೇ ಬರುತ್ತದೆ. ಮೊದಲ ವರ್ಷ ಹೀಗೆ ಬಿಡದೆ ತುಂಬ ಒದ್ದಾಡಿದೆ.

ಪಟ್ಟಿ ಮಾಡುವಾಗ ದಾರಿ ನೋಡಿ ಮಾಡಬೇಕು. ಯಾರು ದೊಡ್ಡವರು, ಯಾರು ಕೇಳಿಕೊಂಡರು ಅಂತ ನೋಡಿದರೆ ಕೆಟ್ಟಿತು. ನಾನು ಕೆಳಗಿನ ತೋಡಿನ ಬದಿಯಿಂದ ಶುರು ಮಾಡಿ ಗುಡ್ಡೆಯ ಕಡೆಗೆ ಹತ್ತುತ್ತೇನೆ. ಇದರಿಂದ ಒಂದು ಕಷ್ಟವೂ ಆಯಿತು. ನಮ್ಮಲ್ಲಿ ಅಣ್ಣ ತಮ್ಮಂದಿರ ಎರಡು ಮನೆ ಅಕ್ಕಪಕ್ಕ ಇವೆ. ದಾರಿಯ ವಿಷಯಕ್ಕೆ ಮಾತು ಬಿಟ್ಟು ವರ್ಷಗಳಾಗಿವೆ. ಪಟ್ಟಿ ಪ್ರಕಾರ ಅಣ್ಣನ ಮನೆಯಿಂದ ಪ್ರತಿಮೆ ತಮ್ಮನ ಮನೆಗೆ ಹೋಗಬೇಕು. ನಡುವೆ ಬೇರೆ ಮನೆ ಹಾಕಿಬಿಡೋಣವೇ ಅಂತ ಫಾದರ್ ಹತ್ತಿರ ಕೇಳಿದೆ. "ದಾರಿ ಹೇಗಿದೆಯೋ ಹಾಗೇ ಹೋಗಲಿ" ಅಂದರು. ಮೊದಲ ವರ್ಷ ಅಣ್ಣನ ಮಗಳು ಹೊತ್ತುಕೊಂಡು ಹೋದಳು, ಅಣ್ಣ ಬರಲಿಲ್ಲ. ಎರಡನೇ ವರ್ಷ ಅವರು ತಮ್ಮನ ಅಂಗಳದವರೆಗೆ ಬಂದು, ಅಡಿಕೆ ಒಣಗಿಸುವ ಜಾಗದಲ್ಲಿ ಕತ್ತಲಲ್ಲಿ ನಿಂತರು. ಒಳಗೆ ನಾವು ಹೇಳುತ್ತಿದ್ದರೆ ಹೊರಗಿನಿಂದ ಅವರ ಸ್ವರ ಕೇಳುತ್ತಿತ್ತು. ಕಳೆದ ವರ್ಷವೂ ಅಷ್ಟೇ, ಅಂಗಳದವರೆಗೆ. ಮಾತು ಈಗಲೂ ಇಲ್ಲ. ನಾನು ಪಟ್ಟಿ ಬದಲಿಸಿಲ್ಲ.

ತಿಂಡಿಯ ವಿಷಯವನ್ನು ಮೊದಲೇ ಹೇಳಿಬಿಡಬೇಕು. ಮೊದಲ ವಾರ ಒಂದು ಮನೆಯಲ್ಲಿ ಕೇಕು, ಇನ್ನೊಂದರಲ್ಲಿ ಪಫ್ಸು, ಮತ್ತೊಂದರಲ್ಲಿ ಬಿರಿಯಾನಿ. ಹತ್ತನೇ ದಿನದ ಮನೆಯವರು ಕೂಲಿ ಮಾಡಿ ಬದುಕುವವರು. ಸಂಜೆ ನನ್ನ ಹತ್ತಿರ ಬಂದು, "ನಮ್ಮ ಮನೆ ಬಿಟ್ಟುಬಿಡಿ, ಮುಂದಿನ ವರ್ಷ ನೋಡೋಣ" ಅಂದರು. ಕಾರಣ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಆ ದಿನವೇ ಎಲ್ಲರಿಗೂ ತಿಳಿಸಿದೆ: ಇನ್ನು ಕಣ್ಣ ಚಾಯ (ಹಾಲಿಲ್ಲದ ಚಹಾ) ಮತ್ತು ಬೆಲ್ಲ ಮಾತ್ರ, ಯಾವ ಮನೆಯಲ್ಲೂ ಅದಕ್ಕಿಂತ ಜಾಸ್ತಿ ಬೇಡ. ಒಂದಿಬ್ಬರಿಗೆ ಬೇಜಾರಾಯಿತು. ಆದರೆ ಆ ರಾತ್ರಿ ಆ ಸಣ್ಣ ಮನೆಯ ಜಗಲಿ ತುಂಬಿ, ಜನ ಅಂಗಳದಲ್ಲಿ ಕೂತರು.

ಇನ್ನು ಪ್ರಾರ್ಥನೆಯ ವಿಷಯ. ನಾನು ಬರೆಯಲು ಕೂತದ್ದೇ ಇದಕ್ಕೆ.

ತೇರ್ಸ್ ಹೇಳುವವರಿಗೆ ಗೊತ್ತು, ನಮೋ ಮರಿಯಾ ಪ್ರಾರ್ಥನೆಯಲ್ಲಿ ಎರಡು ಭಾಗ ಇವೆ. ಮುಂದೆ ಹೇಳುವವನು ಮೊದಲ ಅರ್ಧ ಹೇಳುತ್ತಾನೆ, ಉಳಿದವರೆಲ್ಲ "ಸಂತ ಮರಿಯಾ" ಅಂತ ಎರಡನೇ ಅರ್ಧ ಎತ್ತಿಕೊಳ್ಳುತ್ತಾರೆ. ಮೊದಲ ಅರ್ಧ ನಮ್ಮ ಮಾತಲ್ಲ. ಗಬ್ರಿಯೇಲ ದೂತ ಮರಿಯಳಿಗೆ ಹೇಳಿದ ಮಾತು, ಆಮೇಲೆ ಎಲಿಜಬೇತಳು ಅವಳನ್ನು ಕಂಡು ಹೇಳಿದ ಮಾತು. ಎರಡೂ ಲೂಕನ ಸುವಾರ್ತೆಯಲ್ಲಿವೆ. ಎರಡನೇ ಅರ್ಧ ಜನರ ಬೇಡಿಕೆ, ಈಗಲೂ ಸಾಯುವ ಹೊತ್ತಿನಲ್ಲೂ ನಮಗಾಗಿ ಪ್ರಾರ್ಥಿಸು ಅಂತ. 1568ರಲ್ಲಿ ಐದನೇ ಪಿಯುಸ್ ಪೋಪರು ಹೊರಡಿಸಿದ ಪ್ರಾರ್ಥನಾ ಪುಸ್ತಕದಲ್ಲಿ ಈಗಿನ ರೂಪ ನಿಂತಿತು. ಅಂದರೆ ಮೊದಲು ಒಬ್ಬರು ಸುದ್ದಿ ಹೇಳಬೇಕು, ಕೇಳಿಸಿಕೊಂಡವರು ಆಮೇಲೆ ಬೇಡಬೇಕು. ನಾವು ಮಾಡುತ್ತಿದ್ದದ್ದು ಏನು? ನಾನು ಕೊನೆಯ ಎರಡು ಶಬ್ದ ಹೇಳುವ ಮೊದಲೇ ಅವರು ಶುರು. ಅವರು ಮುಗಿಸುವ ಮೊದಲೇ ನಾನು ಶುರು. ಯಾರೂ ಯಾರ ಮಾತನ್ನೂ ಕೇಳುತ್ತಿರಲಿಲ್ಲ.

ನಿಧಾನ ಹೇಳಿ ಅಂತ ಎರಡು ದಿನ ಹೇಳಿನೋಡಿದೆ. ಆಗಲಿಲ್ಲ. ಮೊದಲ ಸುತ್ತು ನಿಧಾನ, ಮೂರನೆಯದಕ್ಕೆ ಪುನಃ ಅದೇ ಓಟ.

ದಾರಿ ತೋರಿಸಿದ್ದು ಗುಡುಗು ಮಳೆ. ಗುಡ್ಡೆಯ ಬದಿಯ ಒಂದು ಮನೆ, ಮುಂದಿನ ಚಾವಡಿಗೆ ತಗಡು ಹೊದಿಸಿದ್ದಾರೆ. ಎರಡನೇ ಸುತ್ತಿನಲ್ಲಿ ಕರೆಂಟು ಹೋಯಿತು. ಗಾಳಿಗೆ ಮೇಣದಬತ್ತಿಯೂ ಆರಿತು. ತಗಡಿನ ಮೇಲೆ ಮಳೆ ಎಷ್ಟು ಜೋರು ಅಂದರೆ ಪಕ್ಕದಲ್ಲಿ ಕೂತವರ ಸ್ವರ ಕೇಳುವುದಿಲ್ಲ. ನಾನು ಗಟ್ಟಿಯಾಗಿ ಹೇಳಿದೆ. ಮುಗಿಯಿತೋ ಇಲ್ಲವೋ ಅಂತ ಯಾರಿಗೂ ಗೊತ್ತಾಗಲಿಲ್ಲ. ನನ್ನ ಬಾಯಿ ಕಾಣುವುದಿಲ್ಲ, ಸ್ವರ ಪೂರ್ತಿ ನಿಂತ ಮೇಲೆಯೇ ಅವರು ಎತ್ತಿಕೊಂಡರು. ಅವರದು ನಿಂತಿತು ಅಂತ ಖಾತ್ರಿ ಆದ ಮೇಲೆಯೇ ನಾನು. ನಡುವೆ ಒಂದು ಉಸಿರಿನಷ್ಟು ಹೊತ್ತು ಮಳೆ ಮಾತ್ರ. ಆ ಉಸಿರಿನಲ್ಲಿ ಮಾಂಯ್ ಹೆಬ್ಬೆರಳಿನಿಂದ ಮಣಿ ಸರಿಸುವುದು ನನ್ನ ಮೊಣಕೈಗೆ ತಾಗುತ್ತಿತ್ತು, ಅಷ್ಟು ಒತ್ತಾಗಿ ಕೂತಿದ್ದೆವು. ಆ ದಿನ 26 ನಿಮಿಷ ಆಯಿತು. ಯಾರೂ ಗಡಿಯಾರ ನೋಡಲಿಲ್ಲ.

ಮರುದಿನದಿಂದ ನಾನು ಮಾಡಿದ್ದು ಇಷ್ಟೇ. ಟ್ಯೂಬ್‌ಲೈಟ್ ಆರಿಸಿ ಅಲ್ತಾರಿನ ಒಂದು ಬತ್ತಿ ಮಾತ್ರ ಇಡಿಸಿದೆ. ಮುಂದೆ ಹೇಳುವವರು ಎಲ್ಲರ ಎದುರು ಮುಖ ಮಾಡಿ ಕೂರುವುದನ್ನು ಬಿಟ್ಟು, ಜನರ ನಡುವೆ ಅಲ್ತಾರಿಗೆ ಮುಖ ಮಾಡಿ ಕೂರಬೇಕು. ಬಾಯಿ ಕಾಣದಿದ್ದರೆ ಕಿವಿ ಕೆಲಸ ಮಾಡುತ್ತದೆ. ಇದನ್ನು ಬೇರೆ ವಾರ್ಡಿನವರಿಗೂ ಹೇಳಿದ್ದೇನೆ. ಮೈಕು ಮಾತ್ರ ಬೇಡ. ಒಂದು ಮನೆಯಲ್ಲಿ ಪ್ರೀತಿಯಿಂದಲೇ ಇಟ್ಟಿದ್ದರು, ಸ್ಪೀಕರಿನ ಸ್ವರಕ್ಕೆ ಜನರ ಸ್ವರವೇ ಅಡಗಿತು.

ಭಾಷೆಯದು ಇನ್ನೊಂದು ಪ್ರಶ್ನೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು, ಆದರೆ ನಮ್ಮ ಇಗರ್ಜಿ ಇವತ್ತಿಗೂ ಮಂಗಳೂರು ಧರ್ಮಪ್ರಾಂತ್ಯದಲ್ಲೇ ಇದೆ. ಪ್ರಾರ್ಥನೆ ಪುಸ್ತಕ ಬರುವುದು ಮಂಗಳೂರಿನಿಂದ, ಕನ್ನಡ ಲಿಪಿಯ ಕೊಂಕಣಿಯಲ್ಲಿ. ಮಲಯಾಳ, ಇಂಗ್ಲಿಷ್ ಮೀಡಿಯಮ್ಮಿಗೆ ಹೋಗುವ ಮಕ್ಕಳಿಗೆ ಆ ಅಕ್ಷರ ಓದಲು ಬರುವುದಿಲ್ಲ. ಅವರು ಸುಮ್ನೆ ಕೂತು ಮಣಿ ಆಡಿಸುತ್ತಿದ್ದರು. ವಾರ್ಡಿಗೆ ಮದುವೆಯಾಗಿ ಬಂದ ಒಬ್ಬಳು ವೆಳ್ಳರಿಕುಂಡು ಕಡೆಯವಳು, ಮಲಯಾಳ ಮಾತ್ರ ಬಲ್ಲವಳು. ಎರಡು ವರ್ಷದಿಂದ ಎಲ್ಲ ಮನೆಗೂ ಬರುತ್ತಿದ್ದಳು, ಬಾಯಿ ತೆರೆದದ್ದು ನಾನು ಕಂಡಿರಲಿಲ್ಲ.

ಐದು ಸುತ್ತುಗಳನ್ನು ಹಂಚಿದೆವು. ಮೊದಲ ಎರಡು ಕೊಂಕಣಿ, ಮೂರನೆಯದು ಕನ್ನಡ, ನಾಲ್ಕನೆಯದು ಮಲಯಾಳ, ಐದನೆಯದು ಆ ಮನೆಯವರ ಇಷ್ಟ. ನಾಲ್ಕನೆಯದನ್ನು ಅವಳೇ ಮುಂದೆ ಹೇಳಬೇಕು. ನಾವು ನಮಗೆ ಬರುವ ಭಾಷೆಯಲ್ಲೇ "ಸಂತ ಮರಿಯಾ" ಎತ್ತಿಕೊಳ್ಳುವುದು. ಗೋಜಲಾಗುತ್ತದೆ ಅಂತ ಹೆದರಿದ್ದೆ, ಆಗಲಿಲ್ಲ. ಯಾಕಂದರೆ ಅಷ್ಟರಲ್ಲಿ ಒಬ್ಬರು ಮುಗಿಸುವವರೆಗೆ ಕಾಯಲು ಕಲಿತಿದ್ದೆವು. ಮೊದಲ ದಿನ ಅವಳ ಸ್ವರ ನಡುಗಿತು. ಮೂರನೇ ದಿನ ಮಾಂಯ್ ಅವಳನ್ನು ತಮ್ಮ ಪಕ್ಕಕ್ಕೆ ಕರೆದು ಕೂರಿಸಿಕೊಂಡರು. ನಾವು ಹೇಳುವ ತೇರ್ಸ್ ಅನ್ನುವುದು ಪೋರ್ಚುಗೀಸ್ ಮಾತು. 150 ನಮೋ ಮರಿಯಾಗಳ ಮೂರನೇ ಒಂದು ಪಾಲು ಅಂತ ಅದರ ಅರ್ಥ. ಅವಳ ಕಡೆ ಜಪಸರಕ್ಕೆ ಕೊಂತ ಅನ್ನುತ್ತಾರೆ, ಅದೂ ಪೋರ್ಚುಗೀಸಿನಿಂದಲೇ ಬಂದದ್ದು. ಈಗ ಮಕ್ಕಳಿಗೆ ಎರಡೂ ಮಾತು ಬಾಯಲ್ಲಿ ಇವೆ.

ಮಕ್ಕಳಿಗಾಗಿ ಕೊಂಕಣಿ ಪ್ರಾರ್ಥನೆಗಳನ್ನು ಮಲಯಾಳ ಅಕ್ಷರದಲ್ಲಿ ಬರೆಸಿ, ರಟ್ಟಿಗೆ ಅಂಟಿಸಿ ಕೊಟ್ಟೆ. ಬರೆದವಳು ವೆಳ್ಳರಿಕುಂಡು ಕಡೆಯ ಅದೇ ಹುಡುಗಿ. 20 ರಟ್ಟು ಮಾಡಿದ್ದೆವು, ತಿಂಗಳ ಕೊನೆಗೆ 11 ವಾಪಸು ಬಂದವು. ಉಳಿದವು ಕೆಲವು ಮನೆಯ ಅಲ್ತಾರಿನಲ್ಲೇ ಇವೆ ಅಂತ ಆಮೇಲೆ ನೋಡಿದೆ. ಕೇಳಲಿಲ್ಲ.

ಗುರುವಾರ ನಾನು ಒಮ್ಮೆ ತಪ್ಪಿದ್ದೇನೆ. ಒಂದೊಂದು ಸುತ್ತಿಗೂ ಯೇಸು, ಮರಿಯರ ಬದುಕಿನ ಒಂದೊಂದು ಘಟನೆ ನೆನೆಯುತ್ತೇವೆ, ಅದಕ್ಕೆ ರಹಸ್ಯ ಅನ್ನುತ್ತಾರೆ. ಹಳಬರಿಗೆ ಸಂತೋಷದ, ದುಃಖದ, ಮಹಿಮೆಯ ಅಂತ 15 ರಹಸ್ಯಗಳೇ ಬಾಯಿಪಾಠ. ಬೆಳಕಿನ ಐದು ರಹಸ್ಯಗಳನ್ನು ಎರಡನೇ ಜಾನ್ ಪಾಲ್ ಪೋಪರು 2002ರಲ್ಲಿ ಸೇರಿಸಿದ್ದು, ಅವು ಗುರುವಾರಕ್ಕೆ. ನಾನು ಪುಸ್ತಕ ಮರೆತು ಹೋಗಿ, ಕಾನಾ ಊರಿನ ಮದುವೆಯ ರಹಸ್ಯ ಆದ ಮೇಲೆ ಮುಂದಿನದು ನೆನಪಾಗದೆ ನಿಂತೆ. ಏಳನೇ ಕ್ಲಾಸಿನ ಹುಡುಗ ಹಿಂದಿನಿಂದ ಹೇಳಿಕೊಟ್ಟ. ಅಂದಿನಿಂದ ಗುರುವಾರದ ರಹಸ್ಯ ಓದುವ ಕೆಲಸ ಮಕ್ಕಳದು.

ಕೊನೆಗೆ ಮಾತೆಯ ಬಿರುದುಗಳನ್ನು ಒಂದೊಂದಾಗಿ ಹೇಳಿ ಪ್ರಾರ್ಥಿಸುವ ಲಿತನಿ ಇದೆ. ಅದಕ್ಕೆ 2020ರಲ್ಲಿ ಫ್ರಾನ್ಸಿಸ್ ಪೋಪರು ಮೂರು ಬಿರುದು ಸೇರಿಸಿದರು. ಅದರಲ್ಲಿ ಒಂದು, ವಲಸೆ ಹೋದವರಿಗೆ ಸಾಂತ್ವನ. ನಮ್ಮ 27 ಮನೆಗಳಲ್ಲಿ 19 ಮನೆಯ ಯಾರಾದರೊಬ್ಬರು ಗಲ್ಫಿನಲ್ಲಿ ಇದ್ದಾರೆ. ಆ ಸಾಲು ಬಂದಾಗ ಉತ್ತರದ ಸ್ವರ ಬೇರೆಯೇ ಆಗುತ್ತದೆ. ಅಲ್ಲಿ ನಾನು ಸ್ವಲ್ಪ ಹೆಚ್ಚೇ ನಿಲ್ಲುತ್ತೇನೆ.

ಮಾಂಯ್ ಅವರ ಮಗ ಇರುವುದು ಕುವೈತಿನಲ್ಲಿ. ಕಳೆದ ವರ್ಷ ಅವರ ಮನೆಯ ಸರದಿಯ ದಿನ ಅವನು ವಾಟ್ಸ್ಯಾಪಿನಲ್ಲಿ ಸೇರುತ್ತೇನೆ ಅಂದ. ನಮ್ಮ ಏಳೂವರೆ ಅಂದರೆ ಅಲ್ಲಿ ಸಂಜೆ ಐದು. ಕೆಲಸ ಬಿಟ್ಟು ಬಸ್ಸಿನಲ್ಲಿ ಕೂತಿದ್ದ. ಫೋನನ್ನು ಅಲ್ತಾರಿಗೆ ಒರಗಿಸಿ ಇಟ್ಟೆವು. ಕಷ್ಟ ಆಯಿತು. ಅವನ ಸ್ವರ ಎರಡು ಸೆಕೆಂಡು ತಡವಾಗಿ ಬರುತ್ತದೆ. ನಾವು ಮುಗಿಸಿದ ಮೇಲೆ ಅವನ ಒಬ್ಬನದೇ ಉತ್ತರ ಕೇಳುತ್ತದೆ, ಅಷ್ಟರಲ್ಲಿ ನಾನು ಮುಂದಿನದು ಶುರು ಮಾಡಿರುತ್ತೇನೆ. ಮೂರು ಸುತ್ತು ಹೀಗೇ ಎಡವಿದೆವು. ಅವನೂ ಮೆಲ್ಲಗೆ ಮಾಡಿ ಮಾಡಿ ಸುಮ್ಮನಾದ.

ಐದನೇ ಸುತ್ತಿಗೆ ನನಗೆ ಹೊಳೆಯಿತು. "ಈ ಸುತ್ತು ನೀನೇ ಮುಂದೆ ಹೇಳು" ಅಂದೆ. ಉತ್ತರ ಕೊಡುವವನಿಗೆ ತಡವಾದರೆ ಕಷ್ಟ, ಮುಂದೆ ಹೇಳುವವನಿಗೆ ತಡವಾದರೆ ಏನೂ ಇಲ್ಲ. ಅವನ ಮಾತು ಯಾವಾಗ ಬರುತ್ತದೋ ಆವಾಗ ನಾವು ಎತ್ತಿಕೊಂಡರೆ ಆಯಿತು. ಬಸ್ಸಿನ ಗದ್ದಲದ ನಡುವೆ "ನಮಾನ್ ಮರಿಯೆ" ಅಂತ ಅವನ ಸ್ವರ ಬಂತು, ತೀರಾ ಸಣ್ಣಕ್ಕೆ. ಮಾಂಯ್ ಫೋನನ್ನು ಅಲ್ತಾರಿನಿಂದ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅವನು ಅರ್ಧ ಹೇಳಿ ನಿಲ್ಲುವುದು, ಮಾಂಯ್ ತಲೆ ಎತ್ತಿ ನಮ್ಮನ್ನು ನೋಡುವುದು, ಆಮೇಲೆ ನಾವು ಹೇಳುವುದು. ಹತ್ತು ಸಲ ಹೀಗೇ.

ಹತ್ತನೆಯದಕ್ಕೆ ನಮ್ಮ ಉತ್ತರ ಮುಗಿಯಿತು. "ಪಿತನಿಗೂ ಸುತನಿಗೂ" ಅಂತ ಅವನು ಶುರು ಮಾಡಬೇಕು. ಸ್ವರ ಬರಲಿಲ್ಲ. ಫೋನು ಕಟ್ಟಾಗಿತ್ತು, ನನಗೆ ಕಾಣುತ್ತಿತ್ತು. ಮಾಂಯ್ ಕಣ್ಣು ಮುಚ್ಚಿ ಕಾಯುತ್ತಿದ್ದರು. ನಾನು ಹೇಳಲು ಬಾಯಿ ತೆರೆದವನು ಸುಮ್ಮನಾದೆ. ಜಗಲಿಯಲ್ಲಿ ಕೂತ ಮಕ್ಕಳೂ ಕಾದರು. ಸ್ವಲ್ಪ ಹೊತ್ತಾದ ಮೇಲೆ ಮಾಂಯ್ ಅವರೇ ನಿಧಾನಕ್ಕೆ ಶುರು ಮಾಡಿದರು, ಮಗನ ಜಾಗದಲ್ಲಿ ನಿಂತು ಮೊದಲ ಅರ್ಧ. ನಾವು ಅವರು ಪೂರ್ತಿ ಮುಗಿಸಲಿ ಅಂತ ಕಾದು, ಎತ್ತಿಕೊಂಡೆವು.