ಕ್ಯಾಂಪಸ್ ವೈ-ಫೈಗೆ ಸೇರುವ ಮೊದಲು ಟೊರೆಂಟ್ ತೆಗೆದುಹಾಕಿ

ಅಮೆರಿಕದ ಒಂದು ವಿಶ್ವವಿದ್ಯಾಲಯದ ಐಟಿ ಹೆಲ್ಪ್‌ಡೆಸ್ಕ್‌ನಲ್ಲಿ ನನ್ನ ಕೆಲಸ. ಪ್ರತಿ ಆಗಸ್ಟ್‌ನಲ್ಲಿ ಬೆಂಗಳೂರು, ಮೈಸೂರು, ದಾವಣಗೆರೆ ಕಡೆಯಿಂದ ಎಂ.ಎಸ್. ಓದಲು ಬರುವವರು ಸೂಟ್‌ಕೇಸ್ ಬಿಚ್ಚುವ ಮೊದಲೇ ಲ್ಯಾಪ್‌ಟಾಪ್‌ಗೆ ವೈ-ಫೈ ಹಾಕಿಕೊಳ್ಳುತ್ತಾರೆ. ಊರಲ್ಲಿ ಹಾಕಿಕೊಂಡಿದ್ದ ಟೊರೆಂಟ್ ಆ್ಯಪ್, ಅಂದರೆ ಬಳಸುವವರು ಹಾಡು, ಸಿನಿಮಾ ಫೈಲ್‌ಗಳನ್ನು ಪರಸ್ಪರ ಹಂಚಿಕೊಳ್ಳುವ ಆ್ಯಪ್, ಅದರಲ್ಲಿ ಹಾಗೇ ಇರುತ್ತದೆ. ಲ್ಯಾಪ್‌ಟಾಪ್ ಆನ್ ಆದರೆ ಅದೂ ತಾನಾಗಿ ಶುರುವಾಗಿ, ಹಳೇ ಹಾಡುಗಳನ್ನು ಹಂಚುತ್ತಾ ಕೂರುತ್ತದೆ. ಹೊಸದಾಗಿ ಏನೂ ಇಳಿಸಿಕೊಳ್ಳದಿದ್ದರೂ ಕಾಪಿರೈಟ್ ಉಲ್ಲಂಘನೆಯ ನೋಟಿಸ್ ಬರಬಹುದು.

ಹಾಗಾಗಿ ವಿಮಾನ ಹತ್ತುವ ಮೊದಲೇ ಆ ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿ. ಆ್ಯಪ್‌ನ ಕಿಟಕಿ ಮುಚ್ಚಿದರೆ ಸಾಲದು, ಅದು ಪರದೆಯ ಮೂಲೆಯಲ್ಲಿ ಗಡಿಯಾರದ ಪಕ್ಕ ಸುಮ್ನೆ ಕೂತು ಕೆಲಸ ಮಾಡುತ್ತಲೇ ಇರುತ್ತದೆ. ಫೋನ್‌ನಲ್ಲೂ ಒಮ್ಮೆ ನೋಡಿಬಿಡಿ.

ಸಿಕ್ಕಿಬೀಳುವುದು ಹೇಗೆ? ಟೊರೆಂಟ್‌ನಲ್ಲಿ ನೀವು ಪಡೆಯುವಾಗಲೇ ಬೇರೆಯವರಿಗೂ ಕೊಡುತ್ತಿರುತ್ತೀರಿ. ಆ ಗುಂಪಿನಲ್ಲಿರುವ ಎಲ್ಲರಿಗೂ ನಿಮ್ಮ ಐಪಿ ವಿಳಾಸ, ಅಂದರೆ ಇಂಟರ್ನೆಟ್‌ನಲ್ಲಿ ನಿಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆ, ಕಾಣುತ್ತದೆ. ಹಾಡಿನ ಕಂಪನಿಗಳ ಪರವಾಗಿ ಕಣ್ಣಿಡುವವರೂ ಅದೇ ಗುಂಪಿಗೆ ಸೇರಿ, ವಿಳಾಸ, ಸಮಯ, ಫೈಲಿನ ಹೆಸರು ಬರೆದುಕೊಳ್ಳುತ್ತಾರೆ. ಆಮೇಲೆ ಅಮೆರಿಕದ 1998ರ ಕಾಪಿರೈಟ್ ಕಾಯ್ದೆ ಡಿಎಂಸಿಎ ಹೆಸರಲ್ಲಿ ವಿಶ್ವವಿದ್ಯಾಲಯಕ್ಕೆ ನೋಟಿಸ್ ಕಳಿಸುತ್ತಾರೆ. ಆ ಹೊತ್ತಿನಲ್ಲಿ ಆ ವಿಳಾಸ ಯಾರ ಲಾಗಿನ್‌ನಲ್ಲಿತ್ತು ಅಂತ ನಮ್ಮ ದಾಖಲೆ ಹೇಳುತ್ತದೆ. ಸರ್ಕಾರದ ವಿದ್ಯಾರ್ಥಿ ನೆರವು ಪಡೆಯುವ ಕಾಲೇಜುಗಳು ಇಂಥ ಹಂಚಿಕೆಯನ್ನು ತಡೆಯಲು ಲಿಖಿತ ಯೋಜನೆ ಇಟ್ಟುಕೊಳ್ಳಬೇಕು, ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ತಿಳಿಸಬೇಕು ಅಂತ 2008ರ ಇನ್ನೊಂದು ಕಾಯ್ದೆಯೂ ಇದೆ. ಕಾಲೇಜು ಸುಮ್ಮನಿರುವಂತಿಲ್ಲ.

ಕ್ಯಾಂಪಸ್ ಹೊರಗೆ ಮನೆ ಮಾಡಿದವರಿಗೆ ಒಂದು ಮಾತು. ಲೈಬ್ರರಿಯ ಲೇಖನ ಓದಲು, ಮನೆಯಿಂದಲೇ ಕಾಲೇಜಿನ ನೆಟ್‌ವರ್ಕ್‌ಗೆ ಸೇರಿಸುವ ವಿಪಿಎನ್ ಹಾಕುತ್ತೀರಿ ಅಲ್ವಾ? ನಿಮ್ಮ ಎಲ್ಲ ಇಂಟರ್ನೆಟ್ ಸಂಚಾರವೂ ಅದರ ಮೂಲಕ ಹೋಗುವಂತಿದ್ದರೆ, ಆಗ ಟೊರೆಂಟ್ ಓಡುತ್ತಿದ್ದರೂ ಕಾಲೇಜಿನ ವಿಳಾಸವೇ ಕಾಣುತ್ತದೆ. ರೂಮ್‌ಮೇಟ್‌ಗೆ ನಿಮ್ಮ ಲಾಗಿನ್ ಕೊಡಲೇಬೇಡಿ. ಅವರು ಇಳಿಸಿದ್ದು ನಿಮ್ಮ ಹೆಸರಿಗೆ ಬರುತ್ತದೆ.

ಕನ್ನಡ ಹಾಡು ತಾನೇ, ಇಲ್ಲಿ ಯಾರು ಕೇಳುತ್ತಾರೆ ಅನ್ನುವವರು ಜಾಸ್ತಿ. ಒಬ್ಬರ ದೇಶದ ಕೃತಿಗೆ ಇನ್ನೊಬ್ಬರ ದೇಶದಲ್ಲೂ ಕಾಪಿರೈಟ್ ರಕ್ಷಣೆ ಕೊಡುವ ಬರ್ನ್ ಒಪ್ಪಂದದಲ್ಲಿ ಭಾರತ, ಅಮೆರಿಕ ಎರಡೂ ಇವೆ. ನಮ್ಮ ಹಾಡಿಗೂ ಇಲ್ಲಿ ರಕ್ಷಣೆ ಇದೆ, ಇರಲೂ ಬೇಕು. ಆ ಹಾಡು ಕಟ್ಟಿದವರೂ ನಮ್ಮವರೇ.

ಕಟ್ಟಬೇಕಾಗಬಹುದಾದ ಪರಿಹಾರದ ಲೆಕ್ಕ ಗೊತ್ತಿರಲಿ. ಕೋರ್ಟಿಗೆ ಹೋದರೆ ಸಾಮಾನ್ಯವಾಗಿ ಒಂದು ಹಾಡಿಗೆ 750ರಿಂದ 30,000 ಡಾಲರ್, ಬೇಕೆಂದೇ ಮಾಡಿದ್ದರೆ 1,50,000ದವರೆಗೆ. ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಜೋಯೆಲ್ ಟೆನೆನ್‌ಬಾಮ್ ಮೇಲೆ 2009ರಲ್ಲಿ ಜ್ಯೂರಿ 30 ಹಾಡುಗಳಿಗೆ 6,75,000 ಡಾಲರ್ ಹೇರಿತು. ನಡುವೆ ಒಬ್ಬ ನ್ಯಾಯಾಧೀಶೆ ಅದನ್ನು ಹತ್ತನೇ ಒಂದಕ್ಕೆ ಇಳಿಸಿದರೂ ಮೇಲ್ಮನವಿಯಲ್ಲಿ ಆ ಇಳಿಕೆ ನಿಲ್ಲಲಿಲ್ಲ. ವಿದ್ಯಾರ್ಥಿಗಳ ಮೇಲೆ ಸಾಲು ಸಾಲು ಕೇಸು ಹಾಕುವುದನ್ನು ನಿಲ್ಲಿಸುತ್ತೇವೆ ಅಂತ ರೆಕಾರ್ಡಿಂಗ್ ಕಂಪನಿಗಳ ಸಂಘ 2008ರ ಕೊನೆಗೆ ಹೇಳಿತು. ಕಾನೂನು ಮಾತ್ರ ಹಾಗೇ ಇದೆ.

ನೋಟಿಸ್ ಬಂದೇಬಿಟ್ಟರೆ ಗಾಬರಿ ಬೇಡ. ಅದು ಕೋರ್ಟ್ ಆದೇಶವಲ್ಲ, ವೀಸಾ ಕಚೇರಿಗೆ ಹೋಗುವ ಪತ್ರವೂ ಅಲ್ಲ. ಆದರೆ ಉತ್ತರಿಸದೆ ಬಿಡಬೇಡಿ. ನೆಟ್ ಕಟ್ ಆಗಬಹುದು, ಮತ್ತೆ ಮತ್ತೆ ಆದರೆ ಶಿಸ್ತು ಸಮಿತಿಗೆ ಹೋಗುತ್ತದೆ. ಕಾಲೇಜಿನಿಂದ ಸಸ್ಪೆಂಡ್ ಆದರೆ ಆಗ ನಿಮ್ಮ ವಿದ್ಯಾರ್ಥಿ ವೀಸಾ ಎಫ್-1ಕ್ಕೂ ತೊಂದರೆ. ಮೊದಲು ಪತ್ರ ನಿಜವೋ ಅಂತ ಹೆಲ್ಪ್‌ಡೆಸ್ಕ್‌ಗೆ ಫೋನ್ ಮಾಡಿ ಕೇಳಿ. ನಿಜವಾಗಿದ್ದರೆ ಹಂಚಿಕೆ ನಿಲ್ಲಿಸಿ, ಫೈಲ್ ಅಳಿಸಿ, ಕೊಟ್ಟ ಗಡುವಿನೊಳಗೆ ಉತ್ತರ ಕೊಡಿ. ನೀವು ಮಾಡಿಲ್ಲ ಅಂತಾದರೆ ಹಾಗೆಂದೇ ಬರೆಯಿರಿ. ಆ ಹೊತ್ತಿನಲ್ಲಿ ಲ್ಯಾಪ್‌ಟಾಪ್ ಯಾರ ಬಳಿ ಇತ್ತು ಅನ್ನುವುದನ್ನೂ ಸೇರಿಸಿ.

ಹಣ ಕಟ್ಟಿ ಇತ್ಯರ್ಥ ಮಾಡಿಕೊಳ್ಳಿ ಅನ್ನುವ ಪತ್ರವೋ ಸಮನ್ಸೋ ಬಂದರೆ ದಾರಿ ಬೇರೆ. ಆಗ ಯಾವ ಫೈಲನ್ನೂ ಅಳಿಸಬೇಡಿ. ಸಾಕ್ಷ್ಯ ನಾಶ ಅನ್ನಿಸಿಕೊಳ್ಳುತ್ತದೆ. ಲಿಂಕ್ ಒತ್ತಿ ಹಣ ಕಟ್ಟಬೇಡಿ. ಎಷ್ಟೋ ಕ್ಯಾಂಪಸ್‌ಗಳಲ್ಲಿ ವಿದ್ಯಾರ್ಥಿಗಳಿಗೆ ವಕೀಲರ ಸಲಹೆ ಕೊಡುವ ಕಚೇರಿ ಇದೆ. ಅಲ್ಲಿಗೆ ಹೋದ ಮೇಲೆಯೇ ಉತ್ತರ ಬರೆಯಿರಿ.

ಇನ್ನು ಕನ್ನಡ ಕೂಟದವರಿಗೆ. ರಾಜ್ಯೋತ್ಸವದಲ್ಲಿ ಹಾಡು ಹಾಕುವ ಮುಂಚೆ ಕಾಲೇಜಿನ ಕಾರ್ಯಕ್ರಮ ಕಚೇರಿಯನ್ನು ಕೇಳಿ. ಎಷ್ಟೋ ಕಾಲೇಜುಗಳು ಹಾಡು ಕಟ್ಟಿದವರ ಪರವಾಗಿ ಪರವಾನಗಿ ಕೊಡುವ ಆಸ್ಕ್ಯಾಪ್, ಬಿಎಂಐ ಸಂಸ್ಥೆಗಳಿಂದ ಪರವಾನಗಿ ಪಡೆದಿರುತ್ತವೆ. ಅದು ಸಭೆಯಲ್ಲಿ ಹಾಡು ಕೇಳಿಸಲು ಮಾತ್ರ. ಅಭ್ಯಾಸಕ್ಕೆ ಅಂತ ಎಂಪಿ3 ಫೋಲ್ಡರನ್ನು ಡ್ರೈವ್‌ನಲ್ಲಿ ಹಾಕಿ ಎಲ್ಲರಿಗೂ ಲಿಂಕ್ ಕಳಿಸುವುದು ಅದರಲ್ಲಿ ಬರುವುದಿಲ್ಲ. ಸ್ಪಾಟಿಫೈನ ವಿದ್ಯಾರ್ಥಿ ಪ್ಲಾನ್‌ನಲ್ಲೋ ಯೂಟ್ಯೂಬ್‌ನಲ್ಲೋ ಪ್ಲೇಲಿಸ್ಟ್ ಮಾಡಿ, ಅದರ ಲಿಂಕ್ ಕಳಿಸಿ.