ಬೋರಿಕ್ ಪುಡಿ ಚೂರೇ ಸಾಕು

ಮಳೆಗಾಲ ಹಿಡಿಯಿತೆಂದರೆ ನಮ್ಮ ಕಾಸರಗೋಡಿನ ಅಡುಗೆಮನೆಗಳಲ್ಲಿ ಜಿರಳೆ, ಇರುವೆಗಳದ್ದೇ ಕಾರುಬಾರು. ಘಾಟು ಸ್ಪ್ರೇ ಹೊಡೆಯುವ ಬದಲು ಬೋರಿಕ್ ಪುಡಿ ತನ್ನಿ. ಪ್ಯಾಕೆಟ್ ಮೇಲೆ ಬೋರಿಕ್ ಆಸಿಡ್ ಅಂತ ಇದೆಯೇ ನೋಡಿಯೇ ಕೊಳ್ಳಿ.

ಆಸಿಡ್ ಎಂದು ಹೆದರಬೇಡಿ. ಇದು ವಿನೆಗರಿಗಿಂತ ಎಷ್ಟೋ ದುರ್ಬಲ, ಕೈ ಸುಡುವುದಿಲ್ಲ. ಬೆರಳಲ್ಲಿ ಉಜ್ಜಿದರೆ ನುಣ್ಣಗೆ ಜಾರುತ್ತದೆ. ಇದರ ಅಣುಗಳು ಪದರ ಪದರವಾಗಿ ಕೂತಿವೆ, ಒಂದರ ಮೇಲೊಂದು ಸರಿಯುತ್ತವೆ. ಕೇರಂ ಬೋರ್ಡಿಗೆ ಇದನ್ನು ಉದುರಿಸುವುದು ಅದಕ್ಕೇ.

ಜಾಸ್ತಿ ಹಾಕಿದರೆ ಬೇಗ ಸಾಯುತ್ತವೆ ಅಂದುಕೊಳ್ಳುವುದೇ ತಪ್ಪು. ರಾಶಿ ಕಂಡರೆ ಜಿರಳೆ ಸುತ್ತುಹಾಕಿ ಹೋಗುತ್ತದೆ. ಕಣ್ಣಿಗೆ ಕಂಡೂ ಕಾಣದಷ್ಟು ತೆಳ್ಳಗೆ ಫ್ರಿಜ್ಜಿನ ಹಿಂದೆ, ಗೋಡೆಯ ಬಿರುಕಿನಲ್ಲಿ ಉದುರಿಸಿ. ಅದರ ಕಾಲು, ಮೀಸೆಗೆ ಪುಡಿ ಅಂಟುತ್ತದೆ. ಮೈ ನೆಕ್ಕಿ ಶುಚಿ ಮಾಡಿಕೊಳ್ಳುವಾಗ ಹೊಟ್ಟೆ ಸೇರುತ್ತದೆ. ಸಾಯಲು ಕೆಲವು ದಿನ ಬೇಕು, ಅವಸರ ಬೇಡ. ನೀರು ತಾಗಿ ಗಟ್ಟಿಯಾದ ಪುಡಿ ಪ್ರಯೋಜನಕ್ಕಿಲ್ಲ. ಹಾಗಾಗಿ ಸಿಂಕ್ ಕೆಳಗೆ ಮೊದಲು ಒರೆಸಿ ಒಣಗಿಸಿ.

ಇರುವೆಗೆ ಬೇರೆ ಉಪಾಯ. ಒಂದು ಲೋಟ ಬಿಸಿನೀರಿಗೆ ನಾಲ್ಕು ಚಮಚ ಸಕ್ಕರೆ, ಅರ್ಧ ಟೀ ಚಮಚ ಬೋರಿಕ್ ಪುಡಿ ಹಾಕಿ ಕದಡಿ. ತಣ್ಣೀರಿನಲ್ಲಿ ಇದು ನಿಧಾನವಾಗಿ ಕರಗುತ್ತದೆ. ಕೋಣೆಯ ಬಿಸಿಯಲ್ಲಿ 100 ಮಿಲಿ ನೀರಿಗೆ ಸುಮಾರು 5 ಗ್ರಾಂ ಹಿಡಿದರೆ, ಕುದಿಯುವ ನೀರಿಗೆ 25 ಗ್ರಾಮಿಗೂ ಜಾಸ್ತಿ. ಹತ್ತಿಯನ್ನು ಈ ಪಾಕದಲ್ಲಿ ಅದ್ದಿ ಇರುವೆ ಸಾಲಿನ ಪಕ್ಕ ಇಡಿ. ಪಾಕದಲ್ಲಿ ಪುಡಿ ಜಾಸ್ತಿಯಾದರೆ ಇರುವೆಗಳು ದಾರಿಯಲ್ಲೇ ಸಾಯುತ್ತವೆ. ಕಡಿಮೆಯಿದ್ದರೆ ಗೂಡಿಗೆ ಹೊತ್ತುಕೊಂಡು ಹೋಗಿ ಉಳಿದವಕ್ಕೂ ಉಣಿಸುತ್ತವೆ.

ಇನ್ನು ಒಂದು ಮಾತು ಕೈಮುಗಿದು ಹೇಳುತ್ತೇನೆ. ಮಗುವಿನ ಮೈಗೆ, ಗಾಯಕ್ಕೆ ಈ ಪುಡಿ ಹಚ್ಚಬೇಡಿ. ಸೀಳಿದ ಚರ್ಮದ ಮೂಲಕ ಒಳಗೆ ಹೋಗುತ್ತದೆ, ಮಕ್ಕಳ ಜೀವಕ್ಕೇ ಅಪಾಯ. ನೋಡಲು ಉಪ್ಪು, ಸಕ್ಕರೆ ಪುಡಿಯಂತೆಯೇ ಇರುತ್ತದೆ ಅಲ್ವಾ? ಡಬ್ಬಕ್ಕೆ ದೊಡ್ಡಕ್ಷರದಲ್ಲಿ ಹೆಸರು ಬರೆದು ಎತ್ತರದಲ್ಲಿಡಿ, ಅಡುಗೆಯ ಚಮಚ ಮುಟ್ಟಿಸಬೇಡಿ. ಹತ್ತಿಯನ್ನೂ ಮಕ್ಕಳು, ಬೆಕ್ಕು ತಲುಪದ ಕಡೆ ಇಡಿ.

ಉಳಿದ ಪಾಕವನ್ನು ತೆಂಗಿನ ಬುಡಕ್ಕೆ ಸುರಿಯಬೇಡಿ. ತೆಂಗಿಗೆ ಈ ಪುಡಿಯಲ್ಲಿರುವ ಬೋರಾನ್ ಬೇಕು ನಿಜ, ಆದರೆ ಅಳತೆ ಮೀರಿದರೆ ಗರಿಯ ತುದಿ ಸುಡುತ್ತದೆ. ತೋಟಕ್ಕೆ ಎಷ್ಟು ಬೇಕೆಂದು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐಯಲ್ಲಿ ಕೇಳಿ.